ಊಟ ಬಲ್ಲವರ ಉಪದೇಶ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕೇಳದ ಕನ್ನಡಿಗನಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಆರೋಗ್ಯ ಶಿಬಿರ ನಡೆದರೆ ಈ ಗಾದೆಯನ್ನು ಒಮ್ಮೆಯಾದರೂ ಉರುಳಿಸದೆ ಉದ್ಘಾಟನೆಯ ಭಾಷಣ ಮುಗಿಯುವುದಿಲ್ಲ. ಹಿಂದಿನವರು ಜೋಳದ ರೊಟ್ಟಿ ತಿಂದರು, ಹೊಲದಲ್ಲಿ ದುಡಿದರು, ನೂರು ವರ್ಷ ಬಾಳಿದರು. ಈಗಿನ ಹುಡುಗರು ಗೋಬಿ ತಿಂದು, ಮೊಬೈಲ್ ಹಿಡಿದು ಕೂತು ಮೈ ಬೆಳೆಸಿಕೊಂಡಿದ್ದಾರೆ, ಅದಕ್ಕೇ ಮೂವತ್ತು ತುಂಬುವುದರೊಳಗೆ ಬಿಪಿ, ಶುಗರ್, ಹಾರ್ಟ್ ಅಟ್ಯಾಕ್. ವೇದಿಕೆಯ ಮೇಲಿನವರ ಮಾತು ಇದಾದರೆ ಕೆಳಗೆ ಕೂತವರ ಮಾತೇ ಬೇರೆ. ‘ಅದು ಸಾವ್ಕಾರ್ ಜಡ್ಡು ಬಿಡ್ರಿ, ದುಡಿಯೋ ಮಂದಿಗೆ ಎಲ್ಲಿಂದ ಬರತೈತಿ?’

ಎರಡೂ ಒಂದೇ ನಂಬಿಕೆಯಿಂದ ಹುಟ್ಟಿದವು. ಕಾಯಿಲೆ ಎಂಬುದು ಉಂಡವನ ಲೆಕ್ಕಕ್ಕೆ ಸೇರಿದ್ದು, ಉಂಡು ಕೂತವನಿಗೆ ಅದು ಬರುತ್ತದೆ, ಬಂದರೆ ಅವನದೇ ತಪ್ಪು. ಈ ನಂಬಿಕೆ ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಅದು ನಮ್ಮ ಮೂರು ತಾಲ್ಲೂಕುಗಳ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರನ್ನು ತಪಾಸಣೆಯಿಂದಲೇ ಹೊರಗಿಡುತ್ತಿದೆ. ಹೊರಗುಳಿದವರಲ್ಲಿ ಯಾರ ಮಕ್ಕಳು ಹೆಚ್ಚು ಎಂದು ನೋಡಿದರೆ ನಂಬಿಕೆಯ ಜಾತಿ, ವರ್ಗ ಎರಡೂ ಗೊತ್ತಾಗುತ್ತವೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ಹೋದಾಗ ಊರೂರಿನಲ್ಲಿ ಜನ ಜಿಮ್ಮಿಗೆ ಶಾಪ ಹಾಕಿದರು. 2025ರ ಮೇ-ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ಸುದ್ದಿಯಾದಾಗ ಕೋವಿಡ್ ಲಸಿಕೆಗೆ ಶಾಪ ಹಾಕಿದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಇಸಿಜಿಗಾಗಿ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಲಸಿಕೆಯ ಮಾತನ್ನು ಸಮಿತಿ ಒಪ್ಪಲಿಲ್ಲ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಪಾಲು ದೊಡ್ಡದಿತ್ತು ಎಂಬುದನ್ನು ಆರೋಗ್ಯ ಸಚಿವರೇ ಹೇಳಿದರು. ಬಿಸಿಲು, ಹೊಗೆ, ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟ, ತಲೆಯ ಮೇಲೆ ಗಾಡಿಯ ಕಂತು. ಇದನ್ನು ‘ಸಾವ್ಕಾರ್ ಜಡ್ಡು’ ಎನ್ನುವುದು ಹೇಗೆ? ಆದರೂ ಆ ಒಂದು ಸಾಲು ಬೇಗ ಮರೆಯಾಯಿತು. ಮರುದಿನದಿಂದ ಮತ್ತೆ ಗೋಬಿ, ಮತ್ತೆ ಮೊಬೈಲ್.

ನಿಜವಾಗಿ ಮೈಯೊಳಗೆ ನಡೆಯುವುದೇನು ಎಂಬುದನ್ನು ಮೊದಲು ನೋಡೋಣ. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ ಬಾತುಕೊಳ್ಳುತ್ತದಲ್ಲ, ಅದು ಉರಿಯೂತ. ಮೈ ತನ್ನನ್ನು ಕಾಯ್ದುಕೊಳ್ಳುವ ಬಗೆ. ಕೆಲಸ ಮುಗಿದ ಮೇಲೆ ಇಳಿಯುತ್ತದೆ. ಇನ್ನೊಂದು ಬಗೆಯದು ಇಳಿಯುವುದೇ ಇಲ್ಲ. ನೋವಿಲ್ಲ, ಜ್ವರವಿಲ್ಲ, ವರ್ಷಗಟ್ಟಲೆ ಸಣ್ಣಗೆ ಉರಿಯುತ್ತಲೇ ಇರುತ್ತದೆ. ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ಇನ್ಸುಲಿನ್ ಹೇಳಿದ ಮಾತನ್ನು ಸ್ನಾಯುಗಳು ಕೇಳದಂತೆ ಮಾಡುತ್ತದೆ. ಇದರ ಗುರುತು ಹಿಡಿಯುವ ಒಂದು ದಾರಿ ಸಿ-ರಿಯಾಕ್ಟಿವ್ ಪ್ರೋಟೀನ್, ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಗಳಿಗೂ ಪರಿಚಯವಾದ ‘ಸಿಆರ್‌ಪಿ’. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದರು. ತಯಾರಾಗುವುದು ಯಕೃತ್ತಿನಲ್ಲಿ. ಲೀಟರ್ ರಕ್ತದ್ರವದಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು, 10 ದಾಟಿದರೆ ಸೋಂಕೋ ಪೆಟ್ಟೋ ಇರಬೇಕು ಎಂದು ವೈದ್ಯರು ಓದುತ್ತಾರೆ.

ಕೊಬ್ಬಿಗೂ ಇದಕ್ಕೂ ನಂಟಿದೆಯೇ? ಇದೆ, ಗಟ್ಟಿಯಾಗಿಯೇ ಇದೆ. ಕೊಬ್ಬು ಎಂದರೆ ಕೂಡಿಟ್ಟ ಎಣ್ಣೆ ಎಂದಷ್ಟೇ ನಂಬಿದ್ದ ಕಾಲ 1990ರ ದಶಕದಲ್ಲಿ ಮುಗಿಯಿತು. 1993ರಲ್ಲಿ ಹೊತಾಮಿಸ್ಲಿಗಿಲ್ ಮತ್ತವರ ಸಂಗಡಿಗರು ಬೊಜ್ಜಿನ ಇಲಿಗಳ ಕೊಬ್ಬೇ ಉರಿಯೂತದ ರಾಸಾಯನಿಕವನ್ನು ಸುರಿಸುತ್ತದೆ ಎಂದು ತೋರಿಸಿದರು. 2003ರಲ್ಲಿ ಎರಡು ತಂಡಗಳು ಬೊಜ್ಜಿನ ಕೊಬ್ಬಿನೊಳಗೆ ರಕ್ಷಣಾ ಕೋಶಗಳು ಗುಂಪುಗಟ್ಟಿ ಕೂತಿರುವುದನ್ನು ಕಂಡವು. ಹೊಟ್ಟೆಯೊಳಗಿನ ಕೊಬ್ಬಿನಿಂದ ಹೊರಟ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ನೆಟ್ಟಗೆ ಯಕೃತ್ತಿಗೆ ಹೋಗಿ ‘ಸಿಆರ್‌ಪಿ ಮಾಡು’ ಎನ್ನುತ್ತದೆ. ಆದ್ದರಿಂದ ‘ದಪ್ಪ ಇದ್ದರೇನಂತೆ’ ಎಂದು ಸಮಾಧಾನ ಹೇಳಲು ನಾನು ಇಲ್ಲಿ ಕೂತಿಲ್ಲ.

ನನ್ನ ತಕರಾರು ಮುಂದಿನ ಜಿಗಿತಗಳ ಮೇಲೆ. ಕೊಬ್ಬಿನಿಂದ ಉರಿಯೂತ ಎಂಬುದು ವಿಜ್ಞಾನ. ಅತಿಯಾಗಿ ತಿಂದಿದ್ದರಿಂದಲೇ ಕೊಬ್ಬು ಎಂಬುದು ಅರ್ಧ ಸತ್ಯ. ಸೋಮಾರಿತನದಿಂದಲೇ ಅತಿಯಾಗಿ ತಿಂದ ಎಂಬುದು ನಿಂದೆ. ಮೊದಲನೆಯದರ ಮರ್ಯಾದೆಯನ್ನು ಎರವಲು ಪಡೆದು ಮೂರನೆಯದನ್ನು ಮಾರುತ್ತಿದ್ದಾರೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಮೈಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ತಕ್ಕಡಿಗೆ ಇಬ್ಬರೂ ಒಂದೇ. ಈ ಕೊಬ್ಬು ಎಲ್ಲಿಂದ ಬಂತು ಎಂದು ಹುಡುಕುತ್ತಾ ಯಾಜ್ಞಿಕ್ ತೊಟ್ಟಿಲವರೆಗೆ ಹೋದರು. 1993ರಿಂದ ಪುಣೆ ಸುತ್ತಲ ಹಳ್ಳಿಗಳ ಬಸುರಿಯರನ್ನೂ ಅವರ ಕೂಸುಗಳನ್ನೂ ಅಳೆದು ನೋಡಿದಾಗ, ಸರಾಸರಿ 2.7 ಕೆ.ಜಿ. ತೂಗುತ್ತಿದ್ದ ಆ ಕೂಸುಗಳು 3.5 ಕೆ.ಜಿ.ಯ ಇಂಗ್ಲಿಷ್ ಕೂಸುಗಳಿಗಿಂತ ಸ್ನಾಯುವಿನಲ್ಲಿ, ಒಳಾಂಗಗಳಲ್ಲಿ ಬಹಳ ಹಿಂದಿದ್ದವು, ಕೊಬ್ಬಿನಲ್ಲಿ ಮಾತ್ರ ಅಷ್ಟು ಹಿಂದಿರಲಿಲ್ಲ. ಹುಟ್ಟುವಾಗಲೇ ತೆಳ್ಳಗೆ, ಹುಟ್ಟುವಾಗಲೇ ಕೊಬ್ಬು. ಆ ಕೂಸು ಯಾವ ಗೋಬಿ ತಿಂದಿತ್ತು?

ಪುಣೆ ದೂರವೆನ್ನಿಸಿದರೆ ಮೈಸೂರಿಗೆ ಬನ್ನಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯಾದ ಕೂಸುಗಳ ತೂಕವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಹಾಗೆ ಹುಟ್ಟಿ ಬೆಳೆದು ಮೈಸೂರಿನಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಹುಟ್ಟುವಾಗ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆ.ಜಿ. ಮೇಲಿದ್ದವರಲ್ಲಿ ಶೇ 3. ಮೈಸೂರಿನ ಹಳೆಯ ರಿಜಿಸ್ಟರೊಂದು ಹೇಳಿದ್ದು ಇಷ್ಟು: ನಲವತ್ತೈವತ್ತು ವರ್ಷದ ನಂತರದ ಹೃದಯದ ಮೇಲೆ ತಾಯಿಯ ಹೊಟ್ಟೆಯೊಳಗಿನ ಕೊರತೆ ಗುರುತು ಬಿಟ್ಟಿರುತ್ತದೆ. ಇದು ಕನ್ನಡ ನಾಡಿನದೇ ಸಾಕ್ಷ್ಯ, ಜಗತ್ತಿನ ವೈದ್ಯರು ಓದುವ ಸಾಕ್ಷ್ಯ. ನಮ್ಮ ಶಿಬಿರಗಳ ಭಾಷಣದಲ್ಲಿ ಅದರ ಹೆಸರು ಕೇಳಿಲ್ಲ.

ಈಗ ನಮ್ಮ ಮೂರು ತಾಲ್ಲೂಕುಗಳನ್ನು ನೋಡಿ. ಹೊರಗಿನವರಿಗೆ ಎಲ್ಲವೂ ‘ರಾಯಚೂರು ಕಡೆ’, ಬಿಸಿಲ ನಾಡು, ಅಷ್ಟೆ. ಒಳಗಿದ್ದವರಿಗೆ ಗೊತ್ತು, ಹತ್ತಿಪ್ಪತ್ತು ಕಿಲೋಮೀಟರಿಗೆ ಬದುಕು ಬದಲಾಗುತ್ತದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತು ಎಡದಂಡೆ ಕಾಲುವೆ ಸಿಂಧನೂರಿಗೆ ಬಂದ ಮೇಲೆ ಆಂಧ್ರದಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿದರು, ಬಿಳಿಜೋಳದ ಕರಿನೆಲ ಸೋನಾ ಮಸೂರಿಯ ಗದ್ದೆಯಾಯಿತು, ರೈಸ್ ಮಿಲ್ಲುಗಳು ಎದ್ದವು, ಟ್ರ್ಯಾಕ್ಟರ್ ಶೋರೂಮುಗಳು ಸಾಲುಗಟ್ಟಿದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್‌.ಎಚ್. ಕ್ಯಾಂಪುಗಳೂ ಇದೇ ತಾಲ್ಲೂಕಿನಲ್ಲಿವೆ. ಲಿಂಗಸುಗೂರಿನದು ಹೆಚ್ಚಾಗಿ ಒಣನೆಲ. ಒಂದು ಕಡೆ ಹಟ್ಟಿಯ ಚಿನ್ನದ ಗಣಿ, ಇನ್ನೊಂದು ಕಡೆ ತೊಗರಿ, ಸಜ್ಜೆ, ನಡುನಡುವೆ ತಾಂಡಾಗಳು. ಮಸ್ಕಿ ತಾಲ್ಲೂಕಾದದ್ದೇ ಮೊನ್ನೆ ಮೊನ್ನೆ. ಅಲ್ಲಿನ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದನ್ನು ನೆನೆದರೆ ಸಾಕು, ನೀರು ಬಂದ ಹಳ್ಳಿಗೂ ಬಾರದ ಹಳ್ಳಿಗೂ ನಡುವಿನ ಅಂತರ ತಿಳಿಯುತ್ತದೆ. ನೀರು ಬಾರದ ಹಳ್ಳಿಯವರು ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ ಈ ಮೂರೂ ತಾಲ್ಲೂಕುಗಳ ಮಾತು ಕೇಳಿಸುತ್ತದೆ.

ಗುಳೆ ಹೋದ ಬಸುರಿ ಏಳನೇ ತಿಂಗಳವರೆಗೆ ಇಟ್ಟಿಗೆ ಹೊರುತ್ತಾಳೆ. ಹದಿನೆಂಟು ತುಂಬುವ ಮೊದಲೇ ಮದುವೆಯಾದ ಹುಡುಗಿ ತಾನೇ ಬೆಳೆಯುತ್ತಿರುವಾಗ ಇನ್ನೊಂದು ಜೀವವನ್ನು ಬೆಳೆಸಬೇಕು. ಸಿಕ್ಕ ಅನ್ನವನ್ನು ಎರಡು ದೇಹ ಹಂಚಿಕೊಳ್ಳುತ್ತವೆ. ಹುಟ್ಟಿದ ಕೂಸು ಸಣ್ಣದು. ಇಪ್ಪತ್ತು ವರ್ಷದ ನಂತರ ಆ ಕೂಸು ಕಡ್ಡಿಯಂಥ ಕೈಕಾಲಿನ, ಸೊಂಟದ ಸುತ್ತ ಮಾತ್ರ ಮೆತ್ತಗಿನ ಯುವಕನಾಗಿ ಶಿಬಿರಕ್ಕೆ ಬಂದರೆ ತಕ್ಕಡಿ ‘ತೂಕ ನಾರ್ಮಲ್’ ಎನ್ನುತ್ತದೆ. ಅವನಿಗೆ ಊಟ ಬಲ್ಲವರಾಗಿ ಎಂದು ಬೋಧಿಸುವುದು, ಮೇಲೆ ತೂಬು ಮುಚ್ಚಿ ಕಾಲುವೆಯ ಕೊನೆಯ ಹೊಲದವನಿಗೆ ‘ನೀನು ಬೇಸಾಯ ಕಲಿ’ ಎಂದಂತೆ.

‘ದುಡಿಯುವವನಿಗೆ ಬರುವುದಿಲ್ಲ’ ಎಂಬ ಮಾತಿಗೆ ಬರೋಣ. ಇದನ್ನು ನಂಬುವವರಲ್ಲಿ ದುಡಿಯುವವರೇ ಹೆಚ್ಚು ಎಂಬುದು ನನಗೆ ಬೇಸರದ ಸಂಗತಿ. ವ್ಯಾಯಾಮ ಉರಿಯೂತವನ್ನು ತಗ್ಗಿಸುತ್ತದೆ, ನಿಜ. ಆದರೆ ದುಡಿಮೆ ವ್ಯಾಯಾಮವೇ? ಡೆನ್ಮಾರ್ಕಿನ ಸಂಶೋಧಕರು ಇದನ್ನೇ ಕೆದಕಿ ನೋಡಿದ್ದಾರೆ. ಬಿಡುವಿನ ಹೊತ್ತಿನ ಓಟ ಹೃದಯಕ್ಕೆ ಒಳ್ಳೆಯದು. ಅದೇ ಹೃದಯಕ್ಕೆ ಕೂಲಿಯ ಭಾರ ಒಳ್ಳೆಯದು ಮಾಡಿದ್ದು ಕಾಣಲಿಲ್ಲ, ಕೆಡುಕು ಮಾಡಿದ್ದು ಕಂಡಿತು. ಕಾರಣ ಕಷ್ಟದ್ದೇನಲ್ಲ. ಓಡುವವನು ಅರ್ಧ ಗಂಟೆ ಓಡಿ ನಿಲ್ಲುತ್ತಾನೆ, ನೀರು ಕುಡಿಯುತ್ತಾನೆ, ನಿದ್ದೆ ಮಾಡುತ್ತಾನೆ. ಮಿಲ್ಲಿನ ಹಮಾಲನಿಗೆ ಎಂಟು ಹತ್ತು ತಾಸು ನಾಡಿ ಏರಿದ್ದು ಇಳಿಯುವುದಿಲ್ಲ. ಭಾರ ಎತ್ತುವಾಗಲೆಲ್ಲ ರಕ್ತದೊತ್ತಡ ಏರುತ್ತದೆ. ಸುಸ್ತಾದ ಸ್ನಾಯು ಚೇತರಿಸಿಕೊಳ್ಳುವ ಮೊದಲೇ ಮರುದಿನದ ಚೀಲ ಬೆನ್ನಿಗೆ ಬಂದಿರುತ್ತದೆ. ಸಿಂಧನೂರಿನ ಗದ್ದೆಯಲ್ಲಿ ದಿನವಿಡೀ ಬಾಗಿ ನಾಟಿ ಹಚ್ಚುವ ಹೆಣ್ಣುಮಗಳಿಗೆ ‘ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀರಿ’ ಎನ್ನುವ ಧೈರ್ಯ ಯಾರಿಗಾದರೂ ಇದೆಯೇ? ಇದ್ದೀತು, ಫ್ಲೆಕ್ಸ್ ಅಚ್ಚು ಮಾಡಿಸುವವರಿಗೆ.

ಕೊಬ್ಬಿನ ಹಂಗೇ ಇಲ್ಲದೆ ಮೈಯಲ್ಲಿ ಉರಿಯೂತ ಏರಿಸುವ ದಾರಿಗಳೂ ಇವೆ, ಅವೆಲ್ಲ ಬಡವರ ಮನೆಯ ಹತ್ತಿರವೇ ಹಾದುಹೋಗುತ್ತವೆ. ಒಲೆಯ ಹೊಗೆ ಒಂದು. 2016ರಲ್ಲಿ ಉಜ್ವಲಾ ಯೋಜನೆ ಬಂದು ಸಿಲಿಂಡರ್ ಮನೆಗೆ ಬಂತು. ಅದನ್ನು ಮತ್ತೆ ತುಂಬಿಸಲು ರೊಕ್ಕ ಬೇಕು, ಹತ್ತಿ ಕಟ್ಟಿಗೆ ಹೊಲದಲ್ಲಿ ಪುಕ್ಕಟೆ ಸಿಗುತ್ತದೆ. ಭತ್ತಕ್ಕೆ, ಹತ್ತಿಗೆ ಔಷಧ ಹೊಡೆಯುವವನು ಬಾಯಿಗೆ ಟವೆಲ್ ಕಟ್ಟಿಕೊಂಡು ಪಂಪು ಹೊರುತ್ತಾನೆ. ಮಿಲ್ಲಿನಲ್ಲಿ ತೌಡಿನ ಧೂಳು, ಗಣಿಯಲ್ಲಿ ಕಲ್ಲಿನ ಧೂಳು. ಹಸಿವನ್ನೂ ನಿದ್ದೆಯನ್ನೂ ತಡೆಯಲು ಗುಟ್ಕಾ. ಅದರಿಂದ ಕೊಳೆತ ಒಸಡು, ಆ ಒಸಡಿನಿಂದ ಮತ್ತೆ ರಕ್ತಕ್ಕೆ ಉರಿಯೂತ.

ಈ ಹೊಗೆ ಧೂಳುಗಳು ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಿಡಿದು ಹೋಗುವ ಸಿ-ಬ್ಯಾಕ್ ಎಂಬ ನಮೂನೆ ಇದೆ. ಅದರಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಅಳತೆ, ವ್ಯಾಯಾಮ, ವಂಶದ ಕಾಯಿಲೆ, ಇವಕ್ಕೆ ಅಂಕವಿದೆ. ಒಟ್ಟು 4 ದಾಟಿದರೆ ಮೊದಲು ತಪಾಸಣೆ. ಅಡುಗೆಗೆ ಏನು ಉರಿಸುತ್ತೀರಿ, ಹೊಗೆ ಧೂಳಿನ ಕೆಲಸ ಮಾಡುತ್ತೀರಾ ಎಂಬ ಪ್ರಶ್ನೆಯೂ ಅದೇ ನಮೂನೆಯಲ್ಲಿದೆ. ಅದಕ್ಕೆ ಅಂಕವಿಲ್ಲ, ಸುತ್ತು ಹಾಕಿದರೆ ಮುಗಿಯಿತು. ಮನುಷ್ಯನ ಚಟಕ್ಕೆ ಅಂಕ, ಅವನು ಬಾಳುವ ಪರಿಸರಕ್ಕೆ ಬರೀ ಸುತ್ತು! 30ರ ಕೆಳಗಿನವರಿಗೆ ವಯಸ್ಸಿನ ಅಂಕ ಸೊನ್ನೆ. ನಮ್ಮ ಇಡೀ ದೇಶದ ಬಿಪಿ-ಶುಗರ್ ತಪಾಸಣೆ ಶುರುವಾಗುವುದೇ 30ರ ನಂತರ. ರಾಜ್ಯದ ‘ಗೃಹ ಆರೋಗ್ಯ’ ಯೋಜನೆಗೂ ಅದೇ ಗೆರೆ.

ಇನ್ನು ಕಣ್ಣಿಗೆ ಕಾಣದ ದಾರಿ. ಅಮೆರಿಕದ ಶೆಲ್ಡನ್ ಕೊಹೆನ್ ಎಂಬ ಮನೋವಿಜ್ಞಾನಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. 334 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಬಿಟ್ಟು, ಯಾರಿಗೆ ನೆಗಡಿಯಾಗುತ್ತದೆ ಎಂದು ಕಾದರು. ಚಿಕ್ಕವರಿದ್ದಾಗ ತಂದೆತಾಯಿಗೆ ಸ್ವಂತ ಮನೆ ಎಷ್ಟು ಹೆಚ್ಚು ವರ್ಷ ಇತ್ತೋ ನೆಗಡಿ ಅಷ್ಟು ಕಡಿಮೆ. ದೊಡ್ಡವರಾದ ಮೇಲೆ ಅವರು ಎಷ್ಟು ಓದಿದ್ದರೂ, ಯಾವ ಸ್ಥಿತಿಯಲ್ಲಿದ್ದರೂ ಬಾಲ್ಯದ ಮನೆಯ ಲೆಕ್ಕ ಅಳಿಸಲಿಲ್ಲ. ಅದೇ ಕೊಹೆನ್ ತಂಡ ಆಮೇಲೆ ಕಾರಣವನ್ನೂ ತೋರಿಸಿತು: ಉರಿಯೂತಕ್ಕೆ ‘ಸಾಕು’ ಎನ್ನುವ ಹಾರ್ಮೋನು ಕಾರ್ಟಿಸಾಲ್, ದಿಗಿಲು ಬಹಳ ದಿನ ಹಾಗೇ ಉಳಿದರೆ ರಕ್ಷಣಾ ಕೋಶಗಳು ಆ ಮಾತಿಗೆ ಕಿವುಡಾಗುತ್ತವೆ. ಲಂಡನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನದಲ್ಲಿ ಹುದ್ದೆ ಇಳಿದಂತೆ ಉರಿಯೂತ ಏರಿದ್ದು ಕಂಡಿತು. ಅದರ ಒಂದು ಪಾಲು ಹೊಟ್ಟೆಯ ಕೊಬ್ಬಿನ ಮೂಲಕ ಹೋಗಿತ್ತು, ಎಲ್ಲವೂ ಅಲ್ಲ. ಅವರೆಲ್ಲ ತಿಂಗಳ ಸಂಬಳದವರು, ಹೊಟ್ಟೆಗಿಲ್ಲದವರಲ್ಲ. ಹಾಗಿದ್ದರೆ ಮುಂಗಡ ತೀರಿಸಲು ಗುಳೆ ಹೋದವನ ಮಗನ ಮೈ ಯಾವ ಸ್ಥಿತಿಯಲ್ಲಿರಬಹುದು? ಬೇರೆ ಲೋಟದ ಹೋಟೆಲು, ಕಟಿಂಗ್ ಮಾಡಲೊಲ್ಲದ ಅಂಗಡಿ ನಮ್ಮ ಭಾಗದ ಸುದ್ದಿಯಲ್ಲಿ ಈಗಲೂ ಬರುತ್ತಿರುತ್ತವೆ. ಅವಮಾನಕ್ಕೆ ಸದಾ ಮೈಯೆಲ್ಲ ಕಣ್ಣಾಗಿ ಇರಬೇಕಾದವನ ರಕ್ತದಲ್ಲಿ ಅದರ ಲೆಕ್ಕ ಇಲ್ಲದಿರುತ್ತದೆಯೇ?

ಮಸ್ಕಿಯಲ್ಲಿ ಬಂಡೆಯೊಂದಿದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಆ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂದು ಜಗತ್ತಿಗೆ ಖಾತ್ರಿಯಾದದ್ದು. ಸದ್ಗತಿ ದೊಡ್ಡವರ ಸ್ವತ್ತಲ್ಲ, ಸಣ್ಣವನಿಗೂ ಅದು ಎಟುಕುತ್ತದೆ ಎಂದು ಆ ಬಂಡೆ ಹೇಳುತ್ತದೆ. ಅದರ ಸುತ್ತಲಿನ ಊರಲ್ಲಿ ಕಾಯಿಲೆ ಮಾತ್ರ ದೊಡ್ಡವರ ಸ್ವತ್ತು ಎಂದು ಇಂದಿಗೂ ನಂಬಿದ್ದೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತಪ್ಪಿಗೆ ಇನ್ನೊಂದು ಬೆಲೆಯಿದೆ, ಅದರ ಚರ್ಚೆಯೇ ಆಗುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಶಾಲೆ, ಕಾಲೇಜು, ಅಂಗನವಾಡಿಗಳಲ್ಲಿ ಐರನ್ ಗುಳಿಗೆ ಹಂಚುತ್ತಲೇ ಇದ್ದಾರೆ. ‘ಗುಳಿಗೆ ಕೊಟ್ಟರೂ ನುಂಗುವುದಿಲ್ಲ, ಚರಂಡಿಗೆ ಎಸೆಯುತ್ತಾರೆ’ ಎಂದು ಹುಡುಗಿಯರ ಮೇಲೆ ದೂರು. ಎಸೆಯುವವರೂ ಇರಬಹುದು. ಆದರೆ ಮೈಯಲ್ಲಿ ಉರಿಯೂತವಿದ್ದರೆ ಇಂಟರ್‌ಲ್ಯೂಕಿನ್-6ರ ಮಾತು ಕೇಳಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ದಾಟುವ ಬಾಗಿಲನ್ನು ಮುಚ್ಚುತ್ತದೆ. ನುಂಗಿದರೂ ಒಳಗೆ ಸೇರದು. ಸೋಂಕಿನ ಹೊತ್ತಿನಲ್ಲಿ ರೋಗಾಣುಗಳಿಗೆ ಕಬ್ಬಿಣ ಸಿಗಬಾರದೆಂದು ಮೈ ಮಾಡಿಕೊಂಡ ಉಪಾಯವಿದು; ಉರಿಯೂತ ವರ್ಷಗಟ್ಟಲೆ ನಿಂತರೆ ಅದೇ ಉಪಾಯ ತಿರುಗಿಬೀಳುತ್ತದೆ. ಹೊಗೆಯ ಅಡುಗೆಮನೆ, ಮೇಲಿಂದ ಮೇಲೆ ಸೋಂಕು, ಹೊಟ್ಟೆಯ ಸುತ್ತ ಕೊಬ್ಬು, ಈ ಮೂರೂ ಇರುವ ಹುಡುಗಿಯ ರಕ್ತಹೀನತೆಯನ್ನು ಗುಳಿಗೆಯೊಂದೇ ನೀಗುವುದಿಲ್ಲ. ಅವಳಿಗೆ ಮಾತ್ರ ‘ಸೊಪ್ಪು ತಿನ್ನು’ ಎಂಬ ಉಪದೇಶ.

ಎದುರುವಾದಿಗಳಲ್ಲೂ ತೂಕದ ಮಾತು ಆಡುವವರಿದ್ದಾರೆ. ಅವರು ಅದೇ ಸಮೀಕ್ಷೆ ತೆಗೆದು ತೋರಿಸುತ್ತಾರೆ: ಕರ್ನಾಟಕದ ಹೆಂಗಸರಲ್ಲಿ ಶೇ 30.1, ಗಂಡಸರಲ್ಲಿ ಶೇ 30.9 ಮಂದಿಗೆ ತೂಕ ಹೆಚ್ಚು. ಮನೆಯ ಸಿರಿತನ ಏರಿದಂತೆ ತೂಕವೂ ಏರುತ್ತದೆ. ಅಮೆರಿಕದಲ್ಲಿ ಬಡವರು ದಪ್ಪ ಇರಬಹುದು, ಇಲ್ಲಿ ಇನ್ನೂ ಸಾವ್ಕಾರನೇ ದಪ್ಪ ಎನ್ನುತ್ತಾರೆ. ಒಪ್ಪಿದೆ. ತೂಕದ ಲೆಕ್ಕದಲ್ಲಿ ಅದು ಇಂದಿಗೂ ನಿಜ. ಆದರೆ ಅದು 25ರ ಬಿಎಂಐ ಗೆರೆಯ ಲೆಕ್ಕ, ಯಾಜ್ಞಿಕರ 22.3 ಅದಕ್ಕೆ ಕಾಣುವುದೇ ಇಲ್ಲ. ಭಾರತೀಯರಿಗೆ 23ಕ್ಕೇ ಎಚ್ಚರವಾಗಿ, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎಂದು ನಮ್ಮ ವೈದ್ಯರು ಹೇಳುತ್ತಿರುವುದು ಇದಕ್ಕೇ. ಅಲ್ಲದೆ ಗಾಳಿ ತಿರುಗುತ್ತಿದೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2017ರಲ್ಲಿ 15 ರಾಜ್ಯಗಳ ಲೆಕ್ಕ ಕೊಟ್ಟಾಗ, ಹಣವಂತ ರಾಜ್ಯಗಳ ನಗರಗಳಲ್ಲಿ ಮೇಲಿನ ವರ್ಗಕ್ಕಿಂತ ಕೆಳಗಿನ ವರ್ಗದಲ್ಲೇ ಸಕ್ಕರೆ ಕಾಯಿಲೆ ಹೆಚ್ಚಿತ್ತು. ನಮ್ಮ ಹುಡುಗರು ಗುಳೆ ಹೋಗುವುದು ಅಂಥ ನಗರಗಳ ಅಂಥ ವರ್ಗಕ್ಕೇ. ಇದೇ ಯುಡ್ಕಿನ್ ಮತ್ತು ಯಾಜ್ಞಿಕ್ 1999ರಲ್ಲಿ ನೋಡಿದಾಗಲೂ ಹಳ್ಳಿಯ ಭಾರತೀಯರಿಗಿಂತ ಪಟ್ಟಣದ ಭಾರತೀಯರ ರಕ್ತದಲ್ಲಿ ಉರಿಯೂತದ ರಾಸಾಯನಿಕಗಳು ಹೆಚ್ಚಿದ್ದವು.

ಇನ್ನೊಂದು ವಾದ, ಇದು ನನಗೂ ಪ್ರೀತಿಯದು: ಮಣ್ಣಲ್ಲಿ ಆಡಿದ ಮಕ್ಕಳು ಗಟ್ಟಿ. ಫಿಲಿಪ್ಪೀನ್ಸಿನ ಸೆಬು ಎಂಬಲ್ಲಿ ಥಾಮಸ್ ಮೆಕ್‌ಡೇಡ್ 2010ರಲ್ಲಿ ಇದಕ್ಕೆ ಪುರಾವೆಯನ್ನೂ ಕೊಟ್ಟರು. ಕೂಸಿದ್ದಾಗ ದನಕರು, ಹಂದಿ, ಕೋಳಿಗಳ ಹೇಸಿಗೆಯ ನಡುವೆ ಬೆಳೆದವರಿಗೆ ಇಪ್ಪತ್ತರ ಹರೆಯದಲ್ಲಿ ಸಿಆರ್‌ಪಿ ಕಡಿಮೆ. ರೋಗಾಣುಗಳ ಪರಿಚಯದಿಂದ ರಕ್ಷಣಾ ವ್ಯವಸ್ಥೆ ಸುಮ್ಮನಿರುವುದನ್ನು ಕಲಿತಿರುತ್ತದೆ. ಸರಿ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿದೆ: ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಅದೇ ವಯಸ್ಸಿನಲ್ಲಿ ಸಿಆರ್‌ಪಿ ಹೆಚ್ಚು. ನಮ್ಮ ತಾಂಡಾದ ಮಗುವಿಗೆ ಎರಡೂ ಪಾಲಿಗೆ ಬಂದಿವೆ. ಬಾಲ್ಯದ ಮಣ್ಣು ಕೊಟ್ಟ ಲಾಭವನ್ನು ಬೆಂಗಳೂರಿನ ಶೆಡ್ಡು, ಪಾಮ್ ಎಣ್ಣೆ, ನಿದ್ದೆಯಿಲ್ಲದ ರಾತ್ರಿಗಳು ಎಷ್ಟು ದಿನ ಉಳಿಸಿಯಾವು? ಅಷ್ಟಕ್ಕೂ ಮಣ್ಣಲ್ಲಿ ಆಡಿ ಗಟ್ಟಿಯಾದವರನ್ನಷ್ಟೇ ನಾವು ಎಣಿಸುತ್ತೇವೆ. ಭೇದಿಯಾಗಿ ಹೋದ ಮಕ್ಕಳು ಶಿಬಿರದಲ್ಲಿ ಭಾಷಣ ಕೇಳಲು ಬರುವುದಿಲ್ಲ.

ರೊಟ್ಟಿಯ ಭಕ್ತರಿಗೂ ಒಂದು ಮಾತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟಕ್ಕೆ ನನ್ನ ನಮಸ್ಕಾರ. ಆದರೆ ನೂರು ವರ್ಷ ಬಾಳಿದ ಅಜ್ಜಂದಿರ ಕಥೆ ಕಥೆಯಷ್ಟೇ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು 32ರ ಆಸುಪಾಸು. ಜೋಳ ಬಿಟ್ಟದ್ದು ಹುಡುಗರಲ್ಲ, ಕಾಲುವೆ ಬಂದ ಮೇಲೆ ನೆಲವೇ ಜೋಳ ಬಿಟ್ಟಿತು, ಭತ್ತಕ್ಕೆ ದರವಿತ್ತು. ರೇಷನ್ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಅಕ್ಕಿ. 2013ರಲ್ಲಿ ಬಂದ ಅನ್ನಭಾಗ್ಯವನ್ನು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ, ಅದು ಎಷ್ಟೋ ಮನೆಗಳ ರಾತ್ರಿಯ ಒಲೆ ಹಚ್ಚಿದೆ. ಆದರೆ ಅನ್ನದ ಜತೆಗೆ ಬೇಳೆ, ತತ್ತಿ, ತರಕಾರಿ ಕೊಳ್ಳಲು ಕೂಲಿ ಏರಬೇಕಿತ್ತು. ಇನ್ನೊಂದು ವಿಷಯವನ್ನು ರೊಟ್ಟಿಯ ಭಾಷಣಕಾರರು ಕೇಳಿಕೊಂಡೇ ಇಲ್ಲ: ಆ ರೊಟ್ಟಿ ಬಡಿಯುವವರು ಯಾರು? ಬೆಳಗಿನ ನಾಲ್ಕಕ್ಕೆ ಎದ್ದು, ಹತ್ತಿ ಕಟ್ಟಿಗೆಯ ಹೊಗೆಯಲ್ಲಿ ಕೂತು ಇಪ್ಪತ್ತು ರೊಟ್ಟಿ ಬಡಿದು, ಏಳಕ್ಕೆ ಕೂಲಿಯ ಟಂಟಂ ಹತ್ತುವವಳು. ಗಂಡನ ಉರಿಯೂತ ಇಳಿಸಲು ಅವಳ ಉರಿಯೂತ ಏರಬೇಕು ಎಂಬುದೇ ಇವರ ಪಥ್ಯ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಮೇಳಗಳೇನೋ ನಡೆದವು. ಅಲ್ಲಿ ಪ್ಯಾಕೆಟ್ಟಿನ ನವಣೆಯ ಬೆಲೆ ಓದಿ ಅದನ್ನು ಅಲ್ಲೇ ಇಟ್ಟು ಬಂದವರಲ್ಲಿ ನವಣೆ ಬೆಳೆದವರೂ ಇದ್ದರು.

ಹಾಗಾದರೆ ಹುಡುಗರ ಕೈಯಲ್ಲಿ ಏನೂ ಇಲ್ಲವೇ? ಗುಟ್ಕಾ ಬಿಡುವುದು ಅವರ ಕೈಯಲ್ಲಿದೆ, ಬಿಟ್ಟರೆ ಒಳ್ಳೆಯದಾಗುತ್ತದೆ. ಸೊಂಟ ಇಳಿದರೆ ಸಿಆರ್‌ಪಿಯೂ ಇಳಿಯುತ್ತದೆ, ಇದರಲ್ಲಿ ಅನುಮಾನವಿಲ್ಲ. ಕೈಯಲ್ಲಿರುವುದನ್ನು ಹೇಳಿ, ಬೇಡವೆಂದವರಾರು? ಆದರೆ ಕೈಯಲ್ಲಿಲ್ಲದ್ದನ್ನೂ ಅವರ ತಲೆಗೆ ಕಟ್ಟಿ, ಕೈಯಲ್ಲಿದ್ದವರು ಕೈ ತೊಳೆದುಕೊಳ್ಳುವುದು ಸಲ್ಲದು. ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಿಂದ ಧರಣಿ ನಡೆಯಿತು, ಸಾವಿರ ದಿನ ದಾಟಿತು. ಆ ಬೇಡಿಕೆ ನ್ಯಾಯವಾದದ್ದು. ನಾನು ಹೇಳುತ್ತಿರುವುದಕ್ಕೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಐಟಿಐ, ಪದವಿ ಕಾಲೇಜುಗಳ ಪ್ರವೇಶದ ದಿನ ಒಂದು ಟೇಪು, ಒಂದು ಬಿಪಿ ಯಂತ್ರ ಸಾಕು. ತಾಯಿ ಕಾರ್ಡಿನಲ್ಲಿ ಹುಟ್ಟಿದಾಗಿನ ತೂಕ ಬರೆದಿರುತ್ತದೆ. ಇಪ್ಪತ್ತರ ಹರೆಯದವರ ಬಿಪಿ ನೋಡುವಾಗ ಆ ತೂಕವನ್ನೂ ಕೇಳುವುದು ಡಾಕ್ಟರಿಗೆ ಅರ್ಧ ನಿಮಿಷದ ಕೆಲಸ. ಸಿ-ಬ್ಯಾಕ್ ನಮೂನೆಯ ಒಲೆಗೂ ಧೂಳಿಗೂ ಅಂಕ ಹಾಕಲು ದೆಹಲಿಯಲ್ಲಿ ಒಂದು ಸಭೆ ಸಾಕು.

30ರ ಗೆರೆಯನ್ನು 18ಕ್ಕೆ ಇಳಿಸಿದರೆ ಖರ್ಚು ಎಲ್ಲಿಂದ ಎಂದು ಕೇಳುವವರಿಗೆ ಉತ್ತರ: ಡಯಾಲಿಸಿಸ್ ಯಂತ್ರಗಳಿಗೆ ಕಾಯುವ ಸಾಲನ್ನು ನೋಡಿ ಬನ್ನಿ. ಇನ್ನು ಹೊತ್ತಿನ ವಿಷಯ. ಶಿಬಿರಗಳು ನಡೆಯುವುದು ಅಧಿಕಾರಿಗಳ ಅನುಕೂಲದ ತಿಂಗಳಲ್ಲಿ, ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪದಲ್ಲಿ. ಆಗ ಹಳ್ಳಿಯಲ್ಲಿ ಉಳಿದವರು ಮುದುಕರು ಮತ್ತು ಶಾಲೆಯ ಮಕ್ಕಳು. ತಪಾಸಣೆ ಆಗಬೇಕಾದವರು ಸುಗ್ಗಿ ಮುಗಿದೊಡನೆ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸಿಗಾಗಿ ಮಸ್ಕಿ ಬಸ್‌ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತಿರುತ್ತಾರೆ. ಟೇಪು ಹಿಡಿದ ಸಿಬ್ಬಂದಿಯನ್ನು ಅಲ್ಲಿಗೇ ಕಳಿಸಬಹುದು, ಬಸ್ಸು ಹೇಗೂ ತಡವಾಗಿಯೇ ಬರುತ್ತದೆ.